ಮಲೆನಾಡಿನಲ್ಲಿ ಪ್ಯಾರಾಮೋಟಾರ್: ಮೊದಲು ಗದ್ದೆ ನೋಡಿ, ಮೋಟಾರ್ ಕೊನೆಗೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಪ್ಯಾರಾಮೋಟಾರ್ ವಿಚಾರಿಸುವವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಯಾವ ಮೋಟಾರ್ ತಗೊಳ್ಳಲಿ, ಎಷ್ಟು ಸಿಸಿ? ಅದಕ್ಕೆ ಉತ್ತರ ಇದೆ, ಆದರೆ ಸರದಿಯಲ್ಲಿ ಅದು ಕೊನೆಯದು. ಎಲ್ಲಿಂದ ಏಳುತ್ತೀರಿ, ಎಲ್ಲಿ ಇಳಿಯುತ್ತೀರಿ ಅನ್ನುವುದು ಮೊದಲು ತೀರ್ಮಾನವಾಗಬೇಕು. ಆಮೇಲೆ ನಿಮ್ಮ ಮೈತೂಕ, ಅದರ ಮೇಲೆ ರೆಕ್ಕೆ. ರೆಕ್ಕೆ ಗೊತ್ತಾದ ಮೇಲೆ ಮೋಟಾರ್ ಬಹುಪಾಲು ತಾನಾಗಿಯೇ ಗೊತ್ತಾಗುತ್ತದೆ. ಈ ಸರದಿ ತಲೆಕೆಳಗಾದರೆ ಬೆನ್ನಿಗೆ ಭಾರವಾದ ಮೋಟಾರ್, ತೂಕಕ್ಕೆ ಹೊಂದದ ರೆಕ್ಕೆ, ಓಡಲು ಸಾಲದ ಗದ್ದೆ ಮೂರೂ ಒಟ್ಟಿಗೆ ಗಂಟು ಬೀಳುತ್ತವೆ.

ಪ್ಯಾರಾಗ್ಲೈಡರ್ ಹಾರಿಸಲು ಬೆಟ್ಟದ ನೆತ್ತಿ ಬೇಕು. ಪ್ಯಾರಾಮೋಟಾರ್‌ನಲ್ಲಿ ಅದೇ ಬಗೆಯ ಬಟ್ಟೆಯ ರೆಕ್ಕೆಗೆ ಬೆನ್ನ ಮೇಲಿನ ಎರಡು ಸ್ಟ್ರೋಕ್ ಎಂಜಿನ್ ಮತ್ತು ಪ್ರೊಪೆಲರ್ ಸೇರಿಕೊಳ್ಳುತ್ತವೆ, ಆದ್ದರಿಂದ ಮಟ್ಟಸ ನೆಲದಿಂದಲೇ ಏಳಬಹುದು. ಹಾರುವ ವೇಗ ಗಂಟೆಗೆ 35ರಿಂದ 45 ಕಿ.ಮೀ. ಗಾಳಿ ಗಂಟೆಗೆ 20 ಕಿ.ಮೀ. ಇದ್ದರೆ ಎದುರು ದಿಕ್ಕಿನಲ್ಲಿ ನಿಮ್ಮ ವೇಗ ಅರ್ಧಕ್ಕಿಳಿಯುತ್ತದೆ. ಹೊಸಬರು ಗಾಳಿ 12 ಕಿ.ಮೀ. ದಾಟಿದ ದಿನ ಸಾಮಾನು ಬಿಚ್ಚದೇ ಇರುವುದು ಒಳ್ಳೆಯದು.

ನೆಲ, ಗಾಳಿ, ಅನುಮತಿ

ಬೈಲುಗದ್ದೆಗೂ ಮಕ್ಕಿಗದ್ದೆಗೂ ಇರುವ ವ್ಯತ್ಯಾಸ ಇಲ್ಲಿ ತುಂಬ ದೊಡ್ಡದು. ಮಕ್ಕಿಗದ್ದೆ ಮೆಟ್ಟಿಲು ಮೆಟ್ಟಿಲು, 30 ಕೆ.ಜಿ. ಹೊತ್ತು ಓಡುವವನ ಕಾಲು ಅಂಚಿನಲ್ಲಿ ಉಳುಕುವುದು ಖಚಿತ. ಬೈಲುಗದ್ದೆ ಉದ್ದವಾಗಿರುತ್ತದೆ, ಕುಯಿಲಾದ ಮೇಲೆ ಖಾಲಿಯೂ ಇರುತ್ತದೆ. ಆದರೆ ಅದರ ಎರಡೂ ಬದಿಯಲ್ಲಿ ಅಡಿಕೆ ತೋಟ, ತುದಿಯಲ್ಲಿ ಪಂಪ್‌ಸೆಟ್ಟಿನ ವಿದ್ಯುತ್ ತಂತಿ. ಗದ್ದೆಯಲ್ಲಿ ಕೂಳೆ ನಿಂತಿದ್ದರೆ ರೆಕ್ಕೆಯ ತೆಳು ದಾರಗಳು ಅದಕ್ಕೆ ಸಿಕ್ಕಿಕೊಂಡು ರೆಕ್ಕೆ ಓರೆಯಾಗಿ ಏಳುತ್ತದೆ. ದನ ಮೇಯ್ದು ಹುಲ್ಲು ಗಿಡ್ಡವಾದ ಬ್ಯಾಣ ಇದಕ್ಕಿಂತ ವಾಸಿ. ಹೊಸ ಜಾಗವನ್ನು ಹಾರುವ ಹಿಂದಿನ ದಿನ ಉದ್ದಕ್ಕೂ ನಡೆದು ನೋಡಿ, ತಂತಿ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ಕಂಬದಿಂದ ಕಂಬಕ್ಕೆ ಗುರುತಿಸಿಕೊಳ್ಳಿ. ಮೇಲಿನಿಂದ ಕಂಬ ಕಾಣುತ್ತದೆ, ತಂತಿ ಕಾಣುವುದಿಲ್ಲ.

ಶಿಕಾರಿಪುರ, ಭದ್ರಾವತಿಯ ಪೂರ್ವ ಮಗ್ಗುಲು, ಹೊನ್ನಾಳಿ ಕಡೆಯ ಅರೆಮಲೆನಾಡು ಕಲಿಯುವವರಿಗೆ ಹೇಳಿ ಮಾಡಿಸಿದ ನೆಲ. ಹೊಸನಗರ, ತೀರ್ಥಹಳ್ಳಿ, ಆಗುಂಬೆ ಸುತ್ತಮುತ್ತ ಸೊಬಗು ಹೆಚ್ಚು, ಇಳಿಯುವ ಜಾಗ ಕಡಿಮೆ. ಅಲ್ಲಿಗೆ ಹೋಗುವುದು ಎರಡನೆಯ ವರ್ಷದ ಮಾತಾಗಲಿ. ಎಂಜಿನ್ ನಿಂತರೆ ಪ್ಯಾರಾಮೋಟಾರ್ ಹೊತ್ತ ರೆಕ್ಕೆ ನಿಶ್ಚಲ ಗಾಳಿಯಲ್ಲಿ ಎತ್ತರದ ಆರೇಳು ಪಟ್ಟು ದೂರ ಜಾರುತ್ತದೆ. ತಿರುವು, ಎದುರುಗಾಳಿ, ಗಾಬರಿ ಎಲ್ಲ ಕಳೆದು ನಾಲ್ಕು ಪಟ್ಟು ಎಂದು ಹಿಡಿಯಿರಿ. 150 ಮೀಟರ್ ಎತ್ತರದಲ್ಲಿದ್ದರೆ 600 ಮೀಟರಿನೊಳಗೆ ತೆರೆದ ನೆಲ ಕಾಣುತ್ತಿರಬೇಕು. ಕಾಣುತ್ತಿಲ್ಲವಾದರೆ ಎತ್ತರಕ್ಕೇರಿ, ಇಲ್ಲವೇ ತಿರುಗಿ. ಅಡಿಕೆ ತೋಟ ಇಳಿಯುವ ಜಾಗವೇ ಅಲ್ಲ: ಮರಗಳ ಸುಳಿಗೆ ರೆಕ್ಕೆ ತಗುಲಿ ಮಡಚಿದರೆ ಕೆಳಗಿನ 12–15 ಮೀಟರ್ ಬರೀ ಬೀಳುವುದೇ.

ಹಾರುವ ಕಾಲ ನವೆಂಬರ್‌ನಿಂದ ಮಾರ್ಚ್ ಮೊದಲ ಭಾಗದವರೆಗೆ. ಡಿಸೆಂಬರ್‌ನ ಬೆಳಿಗ್ಗೆ ಕಣಿವೆಯಲ್ಲಿ ಮಂಜು, ಹುಲ್ಲಿನ ಮೇಲೆ ಇಬ್ಬನಿ. ಒದ್ದೆಯಾದ ರೆಕ್ಕೆ ಭಾರವಾಗುವುದಷ್ಟೇ ಅಲ್ಲ, ಮುಂದೆ ಚಲಿಸದೆ ನೆಟ್ಟಗೆ ಕೆಳಗಿಳಿಯುವ ಸ್ಥಿತಿಗೂ ಸುಲಭವಾಗಿ ಬೀಳುತ್ತದೆ. ಅಡಿಕೆ ಒಣಗಿಸುವ ದೊಡ್ಡ ಟಾರ್ಪಾಲು ಹಾಸಿ ಅದರ ಮೇಲೆ ರೆಕ್ಕೆ ಬಿಡಿಸಿ, ಬಿಸಿಲು ತಾಗಿದ ಮೇಲೆ ಏಳಿ. ಹತ್ತೂವರೆ ಹೊತ್ತಿಗೆ ಬಿಸಿಗಾಳಿಯ ಥರ್ಮಲ್‌ಗಳು ಕುಲುಕಲು ಶುರುಮಾಡುತ್ತವೆ. ಹೀಗಾಗಿ ಬೆಳಿಗ್ಗೆ ಸಿಗುವುದು ಒಂದೂವರೆ, ಎರಡು ಗಂಟೆ. ಸಂಜೆ ನಾಲ್ಕೂವರೆಯಿಂದ ಸೂರ್ಯ ಮುಳುಗುವವರೆಗೆ ಇನ್ನೊಂದು ಅವಧಿ. ಚಳಿಗಾಲದ ಮೂಡಲ ಗಾಳಿ ಜೋರಾದ ದಿನ ಘಟ್ಟದ ಪಡುವಣ ಅಂಚಿಗೆ ಹೋಗಬೇಡಿ. ಕೊಡಚಾದ್ರಿಯಂಥ ಬೆಟ್ಟದ ಮರೆಯ ಬದಿಯಲ್ಲಿ ಗಾಳಿ ಸುರುಳಿಯಾಗಿ ಕೆಳಗುರುಳುತ್ತದೆ, ಅದರೊಳಗೆ ಹೊಕ್ಕ ರೆಕ್ಕೆ ಮಡಚುತ್ತದೆ. ಅಶ್ವಿನಿ, ಭರಣಿ ಮಳೆಯ ದಿನಗಳಲ್ಲಿ ಮಧ್ಯಾಹ್ನದ ಮೋಡ ಒಂದು ಗಂಟೆಯೊಳಗೆ ಗುಡುಗಾಗುತ್ತದೆ. ಗುಡುಗಿನ ಮೋಡ ದೂರದಲ್ಲಿದ್ದರೂ ಅದರಿಂದ ಹೊರಟ ಗಾಳಿ ಮೊದಲೇ ಬಂದು ಮುಟ್ಟುತ್ತದೆ.

ಅನುಮತಿಯ ವಿಷಯವನ್ನು ಸಲಕರಣೆ ಕೊಳ್ಳುವ ಮೊದಲೇ ಮುಗಿಸಿ. ಸೋಗಾನೆಯ ಕುವೆಂಪು ವಿಮಾನ ನಿಲ್ದಾಣ 2023ರಲ್ಲಿ ತೆರೆದ ಮೇಲೆ ಶಿವಮೊಗ್ಗ ಸುತ್ತಲಿನ ಆಕಾಶ ಮೊದಲಿನಂತೆ ಖಾಲಿಯಲ್ಲ. ಅದರ ರನ್‌ವೇ ನೇರದಲ್ಲಾಗಲೀ ಹತ್ತಿರದಲ್ಲಾಗಲೀ ಹಾರುವ ಯೋಚನೆಯೇ ಬೇಡ. ಮೋಟಾರ್ ಇರುವ ಹಾರಾಟ ಕೇಂದ್ರದ ನಾಗರಿಕ ವಿಮಾನಯಾನ ನಿರ್ದೇಶನಾಲಯದ (ಡಿಜಿಸಿಎ) ನಿಯಮದ ವ್ಯಾಪ್ತಿಗೆ ಬರುತ್ತದೆ. ಜಿಲ್ಲಾಡಳಿತ, ಪೊಲೀಸ್ ಠಾಣೆ, ನೆಲದ ಮಾಲೀಕರು ಮೂವರಿಗೂ ಬರಹದಲ್ಲಿ ತಿಳಿಸಿ, ಉತ್ತರ ಬರಹದಲ್ಲೇ ಪಡೆಯಿರಿ. ಶೆಟ್ಟಿಹಳ್ಳಿ, ಭದ್ರಾ, ಶರಾವತಿ ಕಣಿವೆಯ ಅಭಯಾರಣ್ಯಗಳು, ಲಿಂಗನಮಕ್ಕಿ ಅಣೆಕಟ್ಟೆಯ ಸುತ್ತಲಿನ ಪ್ರದೇಶ ನಿಮ್ಮ ನಕ್ಷೆಯಲ್ಲಿ ಕೆಂಪಾಗಿರಲಿ. ಮಂಡಗದ್ದೆಯಲ್ಲಿ, ಗುಡವಿಯಲ್ಲಿ ಗೂಡು ಕಟ್ಟಿದ ಹಕ್ಕಿಗಳ ಮೇಲೆ, ಸಕ್ರೆಬೈಲಿನ ಆನೆಗಳ ಮೇಲೆ ಎರಡು ಸ್ಟ್ರೋಕ್ ಎಂಜಿನ್ನಿನ ಸದ್ದು ಬೀಳಬಾರದು. ಕಾನೂನು ಇಲ್ಲದಿದ್ದರೂ ಪಾಲಿಸಬೇಕಾದ ಮಾತು ಇದು.

ಕಲಿಕೆ: ಮೋಟಾರಿಲ್ಲದೆ ಶುರುವೋ, ನೇರ ಮೋಟಾರಿಗೋ

ಎರಡೂ ದಾರಿ ಇವೆ. ಪುಣೆ ಹತ್ತಿರದ ಕಾಮ್‌ಶೇತ್ ಅಥವಾ ಹಿಮಾಚಲದ ಬೀರ್‌ಗೆ ಹೋಗಿ ಮೊದಲು ಪ್ಯಾರಾಗ್ಲೈಡಿಂಗ್ ಕಲಿತರೆ ರೆಕ್ಕೆ ಕೈಗೆ ಬರುತ್ತದೆ, ಗಾಳಿ ಓದುವುದು ಬರುತ್ತದೆ, ಎಂಜಿನ್ ನಿಂತಾಗ ಇಳಿಯುವುದು ಹೊಸ ಸಂಗತಿ ಅನ್ನಿಸುವುದಿಲ್ಲ. ನೇರವಾಗಿ ಪ್ಯಾರಾಮೋಟಾರ್ ಕಲಿಸುವ ಶಾಲೆಗೆ ಹೋದರೆ ಸಮಯ ಉಳಿಯುತ್ತದೆ, ಥ್ರಾಟಲ್ ಮತ್ತು ಬ್ರೇಕ್ (ರೆಕ್ಕೆಯ ಹಿಂಬದಿಯ ಅಂಚನ್ನು ಕೆಳಗೆಳೆಯುವ ಹಿಡಿಗಳು) ಒಟ್ಟಿಗೆ ಬಳಸುವ ರೂಢಿ ಮೊದಲ ದಿನದಿಂದ ಬೀಳುತ್ತದೆ. ನಮ್ಮ ತೂಕ ಮೊದಲ ದಾರಿಯ ಕಡೆಗೆ. ಮಲೆನಾಡಿನಲ್ಲಿ ಇಳಿಯುವ ಜಾಗ ಚಿಕ್ಕದು, ಎಂಜಿನ್ ನಿಲ್ಲಿಸಿ ಗುರಿಯಿಟ್ಟ ಗದ್ದೆಯಲ್ಲೇ ಇಳಿಯುವ ಕೈ ಪ್ಯಾರಾಗ್ಲೈಡಿಂಗ್‌ನಲ್ಲೇ ಬೇಗ ಬರುವುದು.

ಯಾವ ದಾರಿಯಾದರೂ ನೆಲದ ಮೇಲೆ ರೆಕ್ಕೆ ಆಡಿಸುವ ಗ್ರೌಂಡ್ ಹ್ಯಾಂಡ್ಲಿಂಗ್ ಹತ್ತು ಗಂಟೆಗೆ ಕಡಿಮೆ ಇರಬಾರದು. ಇಲ್ಲಿ ಬೆಳಿಗ್ಗೆ ಗಾಳಿ ಬಹುತೇಕ ಸೊನ್ನೆ. ಹಾಗಾಗಿ ರೆಕ್ಕೆಗೆ ಬೆನ್ನು ಮಾಡಿ ಓಡಿ ಎಬ್ಬಿಸುವ ಫಾರ್ವರ್ಡ್ ಲಾಂಚ್ ಚೆನ್ನಾಗಿ ಬರಲೇಬೇಕು. ರೆಕ್ಕೆಯನ್ನು ನೋಡುತ್ತ ಎಬ್ಬಿಸುವ ರಿವರ್ಸ್ ಲಾಂಚ್‌ಗೆ ಕನಿಷ್ಠ 8–10 ಕಿ.ಮೀ. ಗಾಳಿ ಬೇಕು. ಸಮುದ್ರ ದಂಡೆಯಲ್ಲಿ ಕಲಿತು ಬಂದವರು ಇಲ್ಲಿ ತಡವರಿಸುವುದು ಇದಕ್ಕೇ, ಅಲ್ಲಿ ಗಾಳಿ ಅರ್ಧ ಕೆಲಸ ಮಾಡಿಕೊಟ್ಟಿರುತ್ತದೆ.

ಏಳುವಾಗ ಆಗುವ ಎಡವಟ್ಟುಗಳು ಎಲ್ಲೆಡೆ ಒಂದೇ ಬಗೆಯವು. ರೆಕ್ಕೆ ತಲೆಯ ಮೇಲೆ ಬರುವ ಮೊದಲೇ ಪೂರ್ತಿ ಥ್ರಾಟಲ್ ಕೊಟ್ಟರೆ ಅದು ಹಿಂದೆಯೇ ತೂಗುತ್ತದೆ, ದಾರ ಪ್ರೊಪೆಲರಿಗೆ ಸಿಗುತ್ತದೆ. ಕಾಲು ನೆಲ ಬಿಟ್ಟಿತು ಅನ್ನಿಸಿದ ಕ್ಷಣವೇ ಸೀಟಿಗೆ ಕುಳಿತರೆ ರೆಕ್ಕೆ ಇನ್ನೂ ತೂಕ ಹೊತ್ತಿರುವುದಿಲ್ಲ. ಕುಂಡೆ ನೆಲಕ್ಕೆ ಬಡಿದು ಕೇಜ್ (ಪ್ರೊಪೆಲರ್ ಸುತ್ತಲಿನ ರಕ್ಷಣೆಯ ಚೌಕಟ್ಟು) ಬಾಗಿ ಪ್ರೊಪೆಲರ್ ಪುಡಿಯಾಗುತ್ತದೆ. ಮೂರನೆಯದು ಗಂಭೀರ: ಪೂರ್ತಿ ಥ್ರಾಟಲ್‌ನಲ್ಲಿ ಏರುತ್ತಿರುವಾಗ ಹೆದರಿ ಎರಡೂ ಬ್ರೇಕ್ ಎಳೆಯುವುದು. ಆಗ ರೆಕ್ಕೆ ಹಿಂದೆ ಉಳಿದು, ಎತ್ತುವ ಬಲ ಕಳೆದುಕೊಂಡು ನಿಂತೇಹೋಗಬಹುದು (ಸ್ಟಾಲ್). ಏರುವಾಗ ಕೈ ಮೇಲಿರಲಿ.

ಕಾಲೋ, ಚಕ್ರವೋ

ಮೂರು ಅಥವಾ ನಾಲ್ಕು ಚಕ್ರದ ಟ್ರೈಕ್ ಮೇಲೆ ಕುಳಿತು ಏಳಬಹುದು. ಮಂಡಿ, ಸೊಂಟ ದುರ್ಬಲ ಇದ್ದವರಿಗೆ, ನೂರು ಕೆ.ಜಿ. ಮೀರಿದವರಿಗೆ ಅದು ವರ. ಆದರೆ ಅದಕ್ಕೆ ಉಬ್ಬುತಗ್ಗಿಲ್ಲದ ನೂರು ಮೀಟರ್‌ಗೂ ಹೆಚ್ಚಿನ ನೆಲ ಬೇಕು, ಗದ್ದೆಯ ಒಂದೇ ಒಂದು ಅಂಚು ಅದನ್ನು ಮಗುಚಲು ಸಾಕು. ರೆಕ್ಕೆ ಓರೆಯಾಗಿ ಎದ್ದಾಗ ಕಾಲಿನವರು ಅದರ ಕೆಳಗೆ ಓಡಿ ಸರಿಮಾಡಿಕೊಳ್ಳುತ್ತಾರೆ. ಚಕ್ರ ಪಕ್ಕಕ್ಕೆ ಓಡುವುದಿಲ್ಲ, ಉರುಳುತ್ತದೆ. ನಮ್ಮ ಗದ್ದೆಗಳಿಗೆ ಕಾಲೇ ಸರಿ.

ನಿಮ್ಮ ಕಾಲು ಒಪ್ಪುತ್ತದೆಯೋ ಎಂದು ದುಡ್ಡು ಹಾಕುವ ಮೊದಲೇ ತಿಳಿಯಬಹುದು. 25 ಕೆ.ಜಿ. ಅಕ್ಕಿ ಚೀಲವನ್ನು ಗಟ್ಟಿಯಾದ ಬೆನ್ನುಚೀಲಕ್ಕೆ ಹಾಕಿ, ಸೊಂಟದ ಪಟ್ಟಿ ಬಿಗಿದು, ಗದ್ದೆಯಲ್ಲಿ 40 ಮೀಟರ್ ನೆಟ್ಟಗೆ ಓಡಿ. ಐದು ನಿಮಿಷ ನಿಂತುಕೊಂಡಿದ್ದು ಮತ್ತೆ ಓಡಿ. ಮೂರು ಸಲ ಆದರೆ ಕಾಲು ಸಾಕು. ಎರಡನೆಯದಕ್ಕೇ ಮಂಡಿ ನೊಂದರೆ 20 ಕೆ.ಜಿ. ಆಸುಪಾಸಿನ ಹಗುರ ಮೋಟಾರ್ ನೋಡಿ, ಅಥವಾ ಪೂರ್ವದ ಬಯಲಿಗೆ ಹೋಗಿ ಟ್ರೈಕ್ ಕಲಿಯಿರಿ.

ರೆಕ್ಕೆ

ರೆಕ್ಕೆಯ ಅಳತೆ ನಿಮ್ಮ ಮೈತೂಕದ ಮೇಲಲ್ಲ, ಹಾರುವಾಗಿನ ಒಟ್ಟು ತೂಕದ ಮೇಲೆ ನಿಲ್ಲುತ್ತದೆ. 70 ಕೆ.ಜಿ. ಮನುಷ್ಯ, ಬಟ್ಟೆ ಬೂಟು ಹೆಲ್ಮೆಟ್ 5, ಹಾರ್ನೆಸ್ (ಪಟ್ಟಿಗಳಿರುವ ಸೀಟು) ಸಮೇತ ಮೋಟಾರ್ 27, ಎಂಟು ಲೀಟರ್ ಪೆಟ್ರೋಲ್ 6, ರಿಸರ್ವ್ (ತುರ್ತಿನ ಪ್ಯಾರಾಚೂಟ್) 2, ರೆಕ್ಕೆ 6: ಒಟ್ಟು 116. ಪ್ರತಿ ರೆಕ್ಕೆಯ ಮೇಲೂ ಅದರ ತೂಕದ ಮಿತಿ ಅಚ್ಚಾಗಿರುತ್ತದೆ. ನಿಮ್ಮ ಲೆಕ್ಕ ಆ ಮಿತಿಯ ನಡುಮಧ್ಯದಲ್ಲಿ ಕೂರಲಿ. ಮೇಲ್ತುದಿಯಲ್ಲಿದ್ದರೆ ರೆಕ್ಕೆ ಚುರುಕಾಗುತ್ತದೆ, ಜತೆಗೆ ಏಳುವ ವೇಗವೂ ಇಳಿಯುವ ವೇಗವೂ ಏರುತ್ತವೆ. ಗಾಳಿಯಿಲ್ಲದ ಬೆಳಿಗ್ಗೆ ಆ ಹೆಚ್ಚುವರಿ ವೇಗವನ್ನು ಕಾಲೇ ಓಡಿ ತರಬೇಕು. ತಳದ ತುದಿಯಲ್ಲಿದ್ದರೆ ರೆಕ್ಕೆ ಜೋಲಾಗಿ, ಥರ್ಮಲ್ ತಗುಲಿದಾಗ ಬೇಗ ಮಡಚುತ್ತದೆ. ಮೇಲಿನ ಲೆಕ್ಕದವರಿಗೆ ಕಲಿಕೆಯ ರೆಕ್ಕೆ ಸಾಮಾನ್ಯವಾಗಿ 26ರಿಂದ 28 ಚದರ ಮೀಟರ್.

ಇದಕ್ಕೆ ಎತ್ತರವನ್ನೂ ಸೇರಿಸಿ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಎಲ್ಲ ಸಮುದ್ರ ಮಟ್ಟದಿಂದ 600 ಮೀಟರ್ ಆಸುಪಾಸು. ಡಿಸೆಂಬರ್‌ನ 18 ಡಿಗ್ರಿ ಬೆಳಿಗ್ಗೆ ಇಲ್ಲಿನ ಗಾಳಿಯ ಸಾಂದ್ರತೆ ಸಮುದ್ರ ಮಟ್ಟದ ಪ್ರಮಾಣಿತ ಲೆಕ್ಕಕ್ಕಿಂತ ಸುಮಾರು 8% ಕಡಿಮೆ, ಏಪ್ರಿಲ್‌ನ 32 ಡಿಗ್ರಿಯಲ್ಲಿ 12% ಕಡಿಮೆ. ಏಳುವ ವೇಗ 4ರಿಂದ 7% ಏರುತ್ತದೆ, ಎಂಜಿನ್ನಿನ ಬಲವೂ ಸಾಂದ್ರತೆಯ ಜತೆ ಇಳಿಯುತ್ತದೆ.

ರಿಫ್ಲೆಕ್ಸ್ ರೆಕ್ಕೆಯ ಜಾಹೀರಾತು ಎಲ್ಲೆಡೆ ಕಾಣುತ್ತದೆ. ಅದರ ಹಿಂಬದಿಯ ಅಂಚು ತುಸು ಮೇಲಕ್ಕೆ ಬಾಗಿರುತ್ತದೆ. ಟ್ರಿಮ್ಮರ್ (ರೆಕ್ಕೆಯ ವೇಗ ಹೊಂದಿಸುವ ಪಟ್ಟಿ) ಬಿಟ್ಟಾಗ ವೇಗ ಹೆಚ್ಚುತ್ತದೆ, ಮುಂಭಾಗ ಮಡಚುವುದು ಕಡಿಮೆಯಾಗುತ್ತದೆ. ಬದಲಿಗೆ ಹೆಚ್ಚು ಬಲ ಕೇಳುತ್ತದೆ, ಹೆಚ್ಚು ಪೆಟ್ರೋಲ್ ಕುಡಿಯುತ್ತದೆ. ಟ್ರಿಮ್ಮರ್ ಪೂರ್ತಿ ಬಿಟ್ಟ ಸ್ಥಿತಿಯಲ್ಲಿ ಮುಖ್ಯ ಬ್ರೇಕ್ ಎಳೆದರೆ ಆ ಸ್ಥಿರತೆ ಅಲ್ಲೇ ಮುರಿಯುತ್ತದೆ, ರೆಕ್ಕೆಯ ತುದಿಯ ಸ್ಟೀರಿಂಗ್ ಮಾತ್ರ ಬಳಸಬೇಕು. ಗಾಬರಿಯಾದಾಗ ಕೈ ಹೋಗುವುದು ಬ್ರೇಕಿಗೇ, ಹೊಸಬರಲ್ಲಿ ಅಂತೂ ಖಂಡಿತ. ಬಯಲುಸೀಮೆಯಲ್ಲಿ ನೂರು ಕಿ.ಮೀ. ಹಾರುವವರಿಗೆ ರಿಫ್ಲೆಕ್ಸ್ ಕೆಲಸಕ್ಕೆ ಬರುತ್ತದೆ. ಇಲ್ಲಿ ಬೇಕಿರುವುದು ನಿಧಾನವಾಗಿ, ಚಿಕ್ಕ ಜಾಗದಲ್ಲಿ ಇಳಿಯುವ ರೆಕ್ಕೆ. ಯುರೋಪಿನ ಸುರಕ್ಷತಾ ಮಾನದಂಡವಾದ ಇಎನ್‌ನಲ್ಲಿ ಎಲ್ಲಕ್ಕಿಂತ ಸೌಮ್ಯವಾದ ಎ ದರ್ಜೆಯದು, ಮೋಟಾರ್ ತೂಕಕ್ಕೂ ಪ್ರಮಾಣಪತ್ರ ಇರುವಂಥದ್ದು ತೆಗೆದುಕೊಳ್ಳಿ. ಇಎನ್ ಬಿ ದರ್ಜೆಯ ಮೇಲ್ಪದರದವು, ಸಿ, ಡಿ ಈಗ ಬೇಡ.

ಮೋಟಾರ್

ಈಗ ಸಿಸಿಯ ಪ್ರಶ್ನೆಗೆ ಬರೋಣ. ಹೊಸಬರ ಮುಂದೆ ಬರುವುದು ಮುಖ್ಯವಾಗಿ ಎರಡು ಗುಂಪು. ವಿಟ್ಟೊರಾಜಿ ಆಟಮ್ 80, ಟಾಪ್ 80ರಂಥ 80 ಸಿಸಿಯವು: ಪೂರ್ತಿ ಜೋಡಿಸಿದಾಗ 19–22 ಕೆ.ಜಿ., ನಿಂತಲ್ಲಿ ತಳ್ಳುವ ಬಲ 50 ಕೆ.ಜಿ. ಆಸುಪಾಸು. ವಿಟ್ಟೊರಾಜಿ ಮೋಸ್ಟರ್ 185ರಂಥವು: 24–29 ಕೆ.ಜಿ., ಬಲ 75 ಕೆ.ಜಿ. ಆಸುಪಾಸು.

ಮಾರಾಟದ ಹಾಳೆಯ ಬಲ ನಿಂತಲ್ಲೇ ಓಡುವ ಎಂಜಿನ್ನಿನದು, ಸಮುದ್ರ ಮಟ್ಟದ್ದು. ನಮ್ಮ ಎತ್ತರ, ಬಿಸಿಲು, ಮುಂದೆ ಚಲಿಸುವಾಗಿನ ಇಳಿಕೆ ಎಲ್ಲ ಕಳೆದರೆ 75 ಅಂದದ್ದು 55ರ ಹತ್ತಿರ, 52 ಅಂದದ್ದು 38ರ ಹತ್ತಿರ ನಿಲ್ಲುತ್ತದೆ. ಮಟ್ಟಸವಾಗಿ ಹಾರಲು ಒಟ್ಟು ತೂಕದ ಆರೂವರೆಯಲ್ಲಿ ಒಂದು ಪಾಲು ಬಲ ಹೋಗುತ್ತದೆ, ಉಳಿದದ್ದು ಏರಲು. 70 ಕೆ.ಜಿ. ಮನುಷ್ಯನಿಗೆ 185ರಲ್ಲಿ ಸೆಕೆಂಡಿಗೆ ಸುಮಾರು 3.3 ಮೀಟರ್ ಏರಿಕೆ, 80ರಲ್ಲಿ ಸುಮಾರು 2 ಮೀಟರ್. 90 ಕೆ.ಜಿ.ಯವರಿಗೆ 80 ಸಿಸಿ ಒಂದೂವರೆ ಮೀಟರೂ ಕೊಡದು.

ಇದನ್ನು ಗದ್ದೆಗೆ ಇಳಿಸಿ ನೋಡಿ. ತುದಿಯಲ್ಲಿ 20 ಮೀಟರ್ ಮರ ಇದೆ ಎನ್ನಿ. 3.3 ಮೀಟರ್ ಏರಿಕೆಯಲ್ಲಿ ಅದನ್ನು ದಾಟಲು ನೆಲ ಬಿಟ್ಟ ಮೇಲೆ 65 ಮೀಟರ್ ಬೇಕು, 2 ಮೀಟರ್ ಏರಿಕೆಯಲ್ಲಿ 105, ಒಂದೂವರೆಯಲ್ಲಿ 140. ಗಾಳಿಯಿಲ್ಲದಾಗಿನ ಓಟಕ್ಕೆ 50 ಮೀಟರ್ ಸೇರಿಸಿ, ತಪ್ಪಿದರೆ ನಿಲ್ಲಿಸಲು ಇನ್ನೊಂದು 60. ಹೀಗೆ 185ಕ್ಕೆ ಸುಮಾರು 175 ಮೀಟರ್ ಗದ್ದೆ, 80ಕ್ಕೆ 215, ತೂಕದವರ 80ಕ್ಕೆ 250. ನಿಮ್ಮ ಬ್ಯಾಣ ಎಷ್ಟುದ್ದ ಇದೆ ಎಂದು ಟೇಪು ಹಿಡಿದು ಅಳೆದರೆ ಮೋಟಾರ್ ಯಾವುದೆಂದು ಗೊತ್ತಾದಂತೆಯೇ. 75 ಕೆ.ಜಿ. ಒಳಗಿನವರು, ನೆಲ ಉದ್ದ ಇದ್ದವರು 80ನ್ನು ಧೈರ್ಯವಾಗಿ ಕೊಳ್ಳಿ: ಹಗುರ, ಸದ್ದು ಕಡಿಮೆ, ಗಂಟೆಗೆ ಎರಡೂವರೆ–ಮೂರು ಲೀಟರಲ್ಲಿ ಮುಗಿಯುತ್ತದೆ. 185 ನಾಲ್ಕರ ಹತ್ತಿರ ಹೋಗುತ್ತದೆ. ಅದಕ್ಕೂ ದೊಡ್ಡ ಎಂಜಿನ್ ಇಬ್ಬರು ಹಾರುವವರಿಗೆ, ಟ್ರೈಕಿಗೆ. ಬಲ ಹೆಚ್ಚಿದಷ್ಟೂ ಪ್ರೊಪೆಲರ್ ತಿರುಗುವುದರ ಎದುರು ದಿಕ್ಕಿಗೆ ನಿಮ್ಮನ್ನು ತಿರುಚುವ ಟಾರ್ಕ್ ಹೆಚ್ಚು, ಹಗುರ ಮನುಷ್ಯ ಅದರಲ್ಲಿ ರೈಸರ್ (ರೆಕ್ಕೆಯ ದಾರಗಳನ್ನು ಹಾರ್ನೆಸ್‌ಗೆ ಜೋಡಿಸುವ ಪಟ್ಟಿ) ಸಮೇತ ಸುತ್ತಿಕೊಳ್ಳಬಹುದು. ಬ್ಯಾಟರಿ ಮೋಟಾರ್ ಸದ್ದಿಲ್ಲದ್ದು, ಆದರೆ ಹಾರಾಟ ಅರ್ಧ ಗಂಟೆಯ ಲೆಕ್ಕದ್ದು. ಇಳಿಯುವ ಜಾಗ ವಿರಳ ಇರುವಲ್ಲಿ ಅದು ಇನ್ನೂ ಸಾಲದು.

ಕ್ಲಚ್ ಇರುವುದನ್ನೇ ತೆಗೆದುಕೊಳ್ಳಿ. ಪ್ಯಾರಾಮೋಟಾರ್‌ನಲ್ಲಿ ಕೈ, ಬೆರಳು ಹೋಗುವುದು ಬಹುಮಟ್ಟಿಗೆ ನೆಲದ ಮೇಲೆ, ಎಂಜಿನ್ ಶುರುಮಾಡುವಾಗ. ಕ್ಲಚ್ ಇಲ್ಲದ್ದರಲ್ಲಿ ಎಂಜಿನ್ ಹತ್ತಿದೊಡನೆ ಪ್ರೊಪೆಲರೂ ತಿರುಗುತ್ತದೆ. ಕ್ಲಚ್ ಇದ್ದರೆ ನಿಧಾನ ವೇಗದಲ್ಲಿ ಅದು ನಿಂತೇ ಇರುತ್ತದೆ. ಆದರೂ ಥ್ರಾಟಲ್ ಕೇಬಲ್ ಸಿಕ್ಕಿಕೊಂಡಿದ್ದರೆ ಕ್ಲಚ್ ಕಾಪಾಡುವುದಿಲ್ಲ. ಪ್ರತಿ ಸಲ ಹತ್ತಿಸುವ ಮೊದಲು ಥ್ರಾಟಲ್ ಒತ್ತಿ ಬಿಟ್ಟು ಕಾರ್ಬುರೇಟರ್ ಕಡೆ ತಿರುಗಿ ಬರುತ್ತದೆಯೋ ಕಣ್ಣಲ್ಲಿ ನೋಡಿ, ಮೋಟಾರ್ ಬೆನ್ನಿಗೆ ಕಟ್ಟಿಕೊಂಡೇ ಹತ್ತಿಸಿ. ಕೇಜ್ ಆರಿಸುವಾಗ ಹೊರ ಬಳೆಯನ್ನು ಅಂಗೈಯಿಂದ ಬಲವಾಗಿ ಒತ್ತಿ ನೋಡಿ. ಬಾಗಿ ಪ್ರೊಪೆಲರ್ ಮುಟ್ಟುವಂತಿದ್ದರೆ ಎಷ್ಟೇ ಹಗುರವಾದರೂ ಬೇಡ. ಸ್ವಯಂ ಸ್ಟಾರ್ಟ್ ಆಕಾಶದಲ್ಲಿ ಎಂಜಿನ್ ಮತ್ತೆ ಹತ್ತಿಸಲು ಅನುಕೂಲ, ಒಂದೆರಡು ಕೆ.ಜಿ. ತೂಕ ಹೆಚ್ಚು. ದಾರ ಎಳೆಯುವುದು ಸರಳ, ಕೆಡುವುದು ಕಡಿಮೆ. ಪ್ರೊಪೆಲರ್ ಮರದ್ದೋ ಕಾರ್ಬನ್ನಿನದೋ ಎಂದು ತಲೆ ಕೆಡಿಸಿಕೊಳ್ಳಬೇಡಿ, ಮೊದಲ ವರ್ಷ ಎರಡು ಒಡೆಯುತ್ತವೆ ಎಂದೇ ಲೆಕ್ಕ ಹಾಕಿ, ಹೆಚ್ಚುವರಿ ಒಂದು ಇಟ್ಟುಕೊಳ್ಳಿ.

ಪೆಟ್ರೋಲ್ ವಿಷಯಕ್ಕೆ ಇಲ್ಲಿ ಹೆಚ್ಚು ಗಮನ ಬೇಕು. ಬಂಕಿನಲ್ಲಿ ಸಿಗುವುದು ಎಥನಾಲ್ ಬೆರೆತದ್ದು, 20%ವರೆಗೆ. ಎಥನಾಲ್ ಗಾಳಿಯ ತೇವ ಹೀರುತ್ತದೆ; ಮಲೆನಾಡಿನ ತೇವದಲ್ಲಿ ಅರ್ಧ ತುಂಬಿದ ಕ್ಯಾನಿನ ತಳಕ್ಕೆ ನೀರು ಬೆರೆತ ಪದರ ಕೂರುತ್ತದೆ, ಎಂಜಿನ್ ಎಳೆದುಕೊಳ್ಳುವುದು ಅದನ್ನೇ. ಆ ಪದರದಲ್ಲಿ ಪೆಟ್ರೋಲಿಗೆ ಬೆರೆಸುವ 2ಟಿ ಎಣ್ಣೆ ಕರಗಿರುವುದಿಲ್ಲ, ಪಿಸ್ಟನ್ ಒಣಗಿ ಹಿಡಿದುಕೊಳ್ಳುತ್ತದೆ. ಕಾರ್ಬುರೇಟರಿನ ರಬ್ಬರ್ ಪೊರೆ ಗಟ್ಟಿಯಾಗಿ ಮಿಶ್ರಣ ತೆಳುವಾಗುವುದೂ ಇದರಿಂದಲೇ. ಎಣ್ಣೆ ತಯಾರಕರು ಹೇಳಿದಷ್ಟು, ಸಾಮಾನ್ಯವಾಗಿ 2ರಿಂದ 2.5%: ಹತ್ತು ಲೀಟರಿಗೆ 200–250 ಮಿ.ಲೀ. ಅಳತೆ ಲೋಟದಲ್ಲಿ ಅಳೆಯಿರಿ, ಅಂದಾಜು ಬೇಡ. ಅಂದು ಬೇಕಾದಷ್ಟನ್ನೇ ಬೆರೆಸಿ, ಹಾರಿದ ಮೇಲೆ ಉಳಿದದ್ದನ್ನು ಸ್ಕೂಟರಿಗೆ ಹಾಕದೆ ಬಸಿದು ಬೇರೆ ಇಡಿ, ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ ಕಾರ್ಬುರೇಟರ್ ಖಾಲಿ ಮಾಡಿ. ಸೈಲೆನ್ಸರಿನ ಸ್ಪ್ರಿಂಗ್, ರಬ್ಬರ್ ತಡೆಗಳು ಕಂಪನಕ್ಕೆ ಬಿರಿಯುತ್ತವೆ, ಬಿದ್ದ ಚೂರು ನೇರ ಪ್ರೊಪೆಲರಿಗೇ ಹೋಗುತ್ತದೆ. ಪ್ರತಿ ಬೋಲ್ಟಿಗೂ ತಂತಿ ಕಟ್ಟಿ, ಬಿರುಕು ಇದೆಯೇ ಎಂದು ಪ್ರತಿ ಹಾರಾಟದ ಮೊದಲು ಕೈ ಆಡಿಸಿ ನೋಡಿ.

ಹಳೆಯದು, ಮತ್ತು ಬಿಡಬಾರದ ಎರಡು

ಮೋಟಾರ್ ಹಳೆಯದಾದರೆ ಪರವಾಗಿಲ್ಲ, ಬಿಡಿಭಾಗ ಸಿಗುವ ಮಾಡೆಲ್ ಆಗಿದ್ದರೆ ಸಾಕು. ಹಳೆಯ ರೆಕ್ಕೆ ಬೇರೆ ಮಾತು. ಬಿಸಿಲಿನ ನೇರಳಾತೀತ ಕಿರಣ ಬಟ್ಟೆಯ ಲೇಪ ತಿನ್ನುತ್ತದೆ; 300 ಗಂಟೆ ಆಸುಪಾಸಿಗೆ ಬಹಳಷ್ಟು ರೆಕ್ಕೆಗಳು ಕೊನೆ ಮುಟ್ಟುತ್ತವೆ. ನೋಟಕ್ಕೆ ಹೊಸದಂತೆ ಕಂಡರೂ ಬಟ್ಟೆಯ ಮೂಲಕ ಗಾಳಿ ಸೋರುತ್ತಿರಬಹುದು. ಗಾಳಿ ಸೋರಿಕೆ ಮತ್ತು ದಾರಗಳ ಉದ್ದ ಅಳೆಸಿದ ವರದಿ ಇಲ್ಲದ ರೆಕ್ಕೆಗೆ ಮುಂಗಡ ಕೊಡಬೇಡಿ. ದಾರ ಕುಗ್ಗಿದ ರೆಕ್ಕೆ ಬ್ರೇಕ್ ಮುಟ್ಟದೆಯೇ ಸ್ಟಾಲ್ ಆಗುವ ಅಂಚಿನಲ್ಲಿರುತ್ತದೆ.

ರಿಸರ್ವ್ ಪ್ಯಾರಾಚೂಟ್ ನಿಮ್ಮ ಒಟ್ಟು ತೂಕಕ್ಕೆ ಹೊಂದಬೇಕು, ವರ್ಷಕ್ಕೊಮ್ಮೆ ಬಿಚ್ಚಿ ಮಡಚಬೇಕು. ಮಳೆಗಾಲ ಕಳೆದ ಮೇಲೆ ಮಾಡಿಸಿದರೆ ಒಳಗಿನ ತೇವವೂ ಹೋಗುತ್ತದೆ. ಇನ್ನೊಂದು, ನೀರಿಗೆ ಬಿದ್ದೊಡನೆ ತಾನಾಗಿ ಉಬ್ಬುವ ತೇಲುಪಟ್ಟಿ. ತುಂಗೆ, ಭದ್ರೆ, ಶರಾವತಿ ಹಿನ್ನೀರು, ಊರೂರಿನ ಕೆರೆ: ಇಲ್ಲಿ ನೀರಿಲ್ಲದ ದಾರಿಯೇ ಇಲ್ಲ. 27 ಕೆ.ಜಿ. ಮೋಟಾರ್ ಬೆನ್ನಿಗಿದ್ದಾಗ ಈಜು ಬಂದರೂ ಉಪಯೋಗವಿಲ್ಲ, ಬಕಲ್ ಬಿಚ್ಚುವಷ್ಟು ಹೊತ್ತು ಸಿಗುವುದಿಲ್ಲ. ಹೆಲ್ಮೆಟಿಗಿಂತ ಮೊದಲು ಇದನ್ನು ಪಟ್ಟಿಗೆ ಬರೆಯಿರಿ.

ಮೇ ಕೊನೆಯಿಂದ ಅಕ್ಟೋಬರ್‌ವರೆಗೆ ಸಾಮಾನು ಮನೆಯಲ್ಲೇ. ರೆಕ್ಕೆಯನ್ನು ಪೂರ್ತಿ ಒಣಗಿಸಿ ಸಡಿಲವಾಗಿ ಸುತ್ತಿ, ಸಿಲಿಕಾ ಜೆಲ್ ಚೀಲಗಳ ಜತೆ ಮುಚ್ಚಳದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಡಿ. ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಹೊಗೆಯ ಜಿಡ್ಡು, ಶಾಖ, ಇಲಿ ಮೂರೂ ಬಟ್ಟೆಗೆ ಶತ್ರು. ಪೆಟ್ರೋಲ್ ಕ್ಯಾನ್ ಇರುವ ಕೊಟ್ಟಿಗೆಯೂ ಬೇಡ. ತಿಂಗಳಿಗೊಮ್ಮೆ ಬಿಸಿಲು ಬಿಟ್ಟ ದಿನ ನೆರಳಿನ ಜಗಲಿಯಲ್ಲಿ ಬಿಚ್ಚಿ ಗಾಳಿ ಆಡಿಸಿ. ಮೋಟಾರಿನ ಪ್ಲಗ್ ತೆಗೆದು ಸಿಲಿಂಡರಿಗೆ ಒಂದು ಚಮಚ 2ಟಿ ಎಣ್ಣೆ ಹಾಕಿ, ಪ್ರೊಪೆಲರ್ ಬಿಚ್ಚಿಟ್ಟು, ಸ್ಟಾರ್ಟರ್ ದಾರವನ್ನು ನಾಲ್ಕು ಸಲ ಮೆಲ್ಲಗೆ ಎಳೆಯಿರಿ. ಏರ್ ಫಿಲ್ಟರ್ ಮತ್ತು ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಕಣಜದ ಹುಳ ಅಲ್ಲಿ ಮಣ್ಣಿನ ಗೂಡು ಕಟ್ಟುತ್ತದೆ. ನವೆಂಬರ್‌ನಲ್ಲಿ ಹತ್ತಿಸುವ ಮೊದಲು ಆ ಬಟ್ಟೆ ತೆಗೆಯಲು ಥ್ರಾಟಲ್ ಹಿಡಿಗೆ ಒಂದು ಚೀಟಿ ಕಟ್ಟಿಡಿ.